ತಾತನ ಯಂತ್ರದ ಕಳ್ಳಕಿಂಡಿ

ಲಾಠಿ ಮತ್ತೊಮ್ಮೆ ಬಿದ್ದಾಗ ಮೂಳೆ ಮುರಿದ ಸದ್ದು ಗೋಡೆಯ ಈಚೆಗೂ ಕೇಳಿಸಿತು.

"ಕೈ ಬೇಡ ಸಾರ್! ಕೈಗೆ ಹೊಡೀಬೇಡಿ!" ಎಂದು ತಮ್ಮ ಒಳಗೆ ಚೀರಿದ. ಆಮೇಲೆ ಬರೀ ಏದುಸಿರು.

ಬೀಗದಕ್ಕ ಬೆಂಚಿನಿಂದ ಎದ್ದಳು. ಕಾನ್‌ಸ್ಟೇಬಲ್ ಅಡ್ಡ ಬಂದು ನಿಂತ.

"ಕೂತ್ಕೊಳ್ಳಿ ಮೇಡಂ. ನೀವು ಒಳಗೆ ಹೋದ್ರೆ ಅವನಿಗೆ ಇನ್ನೂ ನಾಲ್ಕು ಜಾಸ್ತಿ ಬೀಳ್ತವೆ."

ಅವಳು ಕೂತಳು. ಸಂಶೋಧನಾ ಕೇಂದ್ರದಲ್ಲಿ ನೂರಾರು ಜನ ಒಂದೇ ಸಲಕ್ಕೆ ಲಾಗಿನ್ ಆಗಿ ಕೆಲಸ ಮಾಡುವ ದೊಡ್ಡ ಸರ್ವರ್ ಅವಳ ಸುಪರ್ದಿನಲ್ಲಿತ್ತು. ಯಾರಾದರೂ ಇನ್ನೊಬ್ಬರ ಫೋಲ್ಡರಿಗೆ ಕೈ ಹಾಕಿದರೆ, ಪಾಲಿಗಿಂತ ಹೆಚ್ಚು ಜಾಗ ನುಂಗಿದರೆ, ಮುಖ ಮುಲಾಜು ನೋಡದೆ ಅವರ ಅಕೌಂಟಿಗೆ ಬೀಗ ಜಡಿಯುತ್ತಿದ್ದಳು. ಹಾಗಾಗಿ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಈಗ ಗಂಡನೂ ಹಾಗೆಯೇ ಕರೆಯುತ್ತಿದ್ದ. ಆದರೆ ಈ ಲಾಕಪ್ಪಿನ ಬೀಗ ಅವಳ ಕೈಯಲ್ಲಿರಲಿಲ್ಲ.

ಎಲ್ಲರೂ ತಾತ ಎನ್ನುತ್ತಿದ್ದ ಅವಳ ಮೇಲಧಿಕಾರಿ ಮೊನ್ನೆ ಸರ್ವರ್ ಕೋಣೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಬಾಗಿಲು ತೆರೆದಿದ್ದುದನ್ನು ಕಂಡು ಒಳಗೆ ಹೋಗಿ ಅವನನ್ನು ಎತ್ತಲು ನೋಡಿದ ತಮ್ಮನ ಅಂಗಿಯ ಮೇಲೆ ರಕ್ತ ಸಿಕ್ಕಿತ್ತು.

ಇನ್ಸ್‌ಪೆಕ್ಟರ್ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಹೊರಗೆ ಬಂದ. ಲಾಠಿಯನ್ನು ಮೂಲೆಗೆ ಒರಗಿಸಿ, "ಸಂಜೆ ಕೋರ್ಟಿಗೆ ಹಾಜರು ಮಾಡ್ಬೇಕು," ಎಂದ. "ಅಷ್ಟರೊಳಗೆ ತಪ್ಪೊಪ್ಪಿಗೆಗೆ ಸಹಿ ಬೀಳುತ್ತೆ. ಬಲಗೈಲಿ ಆಗ್ಲಿಲ್ವಾ, ಎಡಗೈಲಿ. ಅದೂ ಆಗ್ಲಿಲ್ವಾ, ಹೆಬ್ಬೆಟ್ಟು ಅಂತೂ ಇದ್ದೇ ಇದೆ."

"ಅವನ ಕೈ ಮುರಿದಿದೀರ. ಜಡ್ಜ್ ಕೇಳಿದ್ರೆ ಏನು ಹೇಳ್ತೀರ?"

ಇನ್ಸ್‌ಪೆಕ್ಟರನ ಮುಖ ಒಂದು ಕ್ಷಣ ಪೆಚ್ಚಾಯಿತು. ಮರುಕ್ಷಣ ದನಿ ಏರಿತು. "ನಿಮ್ಮ ಯಂತ್ರಾನೇ ಸಾಕ್ಷಿ ಹೇಳ್ತಿದೆಯಲ್ರೀ! ಆ ಕೋಣೆ ಬಾಗಿಲು ತೆರೆಯೋ ಅಂಕಿ ಕದ್ದಿಟ್ಟ ಫೈಲು ಯಾರ ಹೆಸರಲ್ಲಿದೆ? ತೋರ್ಸಿದ್ದು ಯಾರು? ನೀವೇ ತಾನೆ?"

ಹೌದು, ಅವಳೇ ತೋರಿಸಿದ್ದಳು. ಪ್ರಾಮಾಣಿಕಳಾಗಲು ಹೋಗಿ ತಮ್ಮನ ಕುತ್ತಿಗೆಗೆ ಕುಣಿಕೆ ಬಿಗಿದಿದ್ದಳು.

"ಇನ್ನೊಂದು ವಿಷ್ಯ. ಅವನ ಅಕೌಂಟು ಹೇಗಿದೆಯೋ ಹಾಗೇ ಇರ್ಬೇಕು. ಬೀಗ ಗೀಗ ಹಾಕಿದ್ರೆ ಸಾಕ್ಷಿ ಕೆಡಿಸಿದ್ದಕ್ಕೆ ನಿಮ್ಮನ್ನೂ ಒಳಗೆ ಹಾಕ್ತೀನಿ."

ಅಷ್ಟರಲ್ಲಿ ಅವಳ ಗಂಡ ಬಂದ. ಊರಾಚೆ ಕಟ್ಟುತ್ತಿದ್ದ ಹೊಸ ಸೇತುವೆಯ ಎಂಜಿನಿಯರ್ ಅವನು. ಕೆಲಸದ ಜಾಗದಿಂದ ನೇರ ಬಂದಿದ್ದ. ಬೂಟು ಮೆಟ್ಟಿದಲ್ಲೆಲ್ಲ ಸಿಮೆಂಟಿನ ಬಿಳಿ ಅಚ್ಚು ಬಿತ್ತು.

"ಸಾಹೇಬ್ರೆ, ಠಾಣೆ ನೆಲಕ್ಕೂ ಗಾರೆ ಹಾಕ್ಸೋ ಯೋಚನೆನಾ?" ಎಂದ ಕಾನ್‌ಸ್ಟೇಬಲ್.

ಗಂಡ ನಗಲಿಲ್ಲ. ಅವಳ ಕೈಗೆ ಕೀಲಿ ಗೊಂಚಲು ಇಟ್ಟ. "ಬೆಳಗ್ಗೆ ಗಾಬರೀಲಿ ಇದನ್ನ ಮನೇಲೇ ಬಿಟ್ಟು ಓಡಿ ಬಂದಿದೀಯ. ಇದಿಲ್ದೆ ಅಲ್ಲಿ ಹೋಗಿ ಏನು ಮಾಡ್ತೀಯ?"

ಮನೆಯ ಕೀಲಿ, ಗಾಡಿಯ ಕೀಲಿ, ಅವುಗಳ ನಡುವೆ ಉಗುರಿನಷ್ಟಗಲದ ಒಂದು ಕರಿ ತುಂಡು. ಸರ್ವರಿಗೆ ಲಾಗಿನ್ ಆಗುವ ಯಾವ ಕಂಪ್ಯೂಟರಿಗೇ ಆಗಲಿ ಅದನ್ನು ಚುಚ್ಚಿ ಗುಟ್ಟಿನ ಅಂಕಿ ಒತ್ತಿದರೆ ಯಾರ ಬಾಗಿಲನ್ನಾದರೂ ತೆರೆಯಬಹುದು, ಯಾರನ್ನಾದರೂ ಅಳಿಸಬಹುದು. ಅಂಥ ತುಂಡು ಇದ್ದದ್ದು ಎರಡೇ. ಒಂದು ತಾತನದು. ಅದೀಗ ಪೊಲೀಸರ ಲಕೋಟೆಯಲ್ಲಿತ್ತು.

"ಇಲ್ಲಿ ನಾನಿರ್ತೀನಿ," ಎಂದ ಗಂಡ. "ನನ್ನ ಬಾಮೈದನ ಮೈಮೇಲೆ ಇನ್ನೊಂದು ಏಟು ಬೀಳೋಕೆ ಬಿಡಲ್ಲ. ನೀನು ಹೋಗು. ಅದೇನು ಹುಡುಕ್ತೀಯೋ ಹುಡುಕು."

ಅವಳಿಗೆ ಅಳು ಬಂತು. ನುಂಗಿಕೊಂಡು ಹೊರಟಳು.

*

ಸರ್ವರ್ ಕೋಣೆಯಲ್ಲಿ ಫ್ಯಾನುಗಳು ಎಂದಿನಂತೆ ಭೋರೆನ್ನುತ್ತಿದ್ದವು. ಮಾತು ಕೇಳಿಸಬೇಕಾದರೆ ಕೂಗಬೇಕು. ಕೂಗಿದರೆ ಹೊರಗೆ ಯಾರಿಗೂ ಕೇಳಿಸದು. ತಾತ ಕೂಗಿದ್ದನೋ ಇಲ್ಲವೋ.

ಎರಡು ರ್ಯಾಕುಗಳ ನಡುವೆ ನೆಲ ಇನ್ನೂ ಕಂದುಗಟ್ಟಿತ್ತು. ರ್ಯಾಕಿನಿಂದ ಬಿಚ್ಚಿದ ಕಬ್ಬಿಣದ ಪಟ್ಟಿಯಿಂದ ಹೊಡೆದಿದ್ದರು. ಮೊದಲ ಏಟು ಹಿಂದಿನಿಂದ. ಉಳಿದವೆಲ್ಲ ಬಿದ್ದ ಮೇಲೆ, ಮುಖದ ಮೇಲೆ. ಗುರುತು ಹಿಡಿಯಲು ಅವಳನ್ನೇ ಕರೆದಿದ್ದರು. ಕನ್ನಡಕದ ಒಂದು ಕಡ್ಡಿ ಕೆನ್ನೆಯೊಳಗೆ ಸೇರಿಹೋಗಿತ್ತು. ಅವಳು ಗುರುತು ಹಿಡಿದದ್ದು ಸ್ವೆಟರಿನಿಂದ.

ಈ ಕೋಣೆಗೆ ಅಂಕಿ ಒತ್ತಿ ತೆರೆಯುವ ಬಾಗಿಲು. ತಾತ ದಿನಾ ಬೆಳಗ್ಗೆ ಅಂಕಿ ಬದಲಾಯಿಸುತ್ತಿದ್ದ. ಅಷ್ಟು ಎಚ್ಚರದ ಮನುಷ್ಯ ಒಂದು ತಪ್ಪು ಮಾತ್ರ ಬಿಡಲಿಲ್ಲ: ಸರ್ವರಿಗೆ ಆಜ್ಞೆ ಕೊಡುವಾಗ ಹೊಸ ಅಂಕಿಯನ್ನೂ ಅದೇ ಸಾಲಿನಲ್ಲಿ ಟೈಪ್ ಮಾಡುತ್ತಿದ್ದ. ಈ ಯಂತ್ರದಲ್ಲಿ ಯಾರ ಫೈಲು ಅವರವರಿಗೆ. ಆದರೆ ಈ ಗಳಿಗೆಯಲ್ಲಿ ಯಾರು ಯಾವ ಆಜ್ಞೆ ಓಡಿಸುತ್ತಿದ್ದಾರೆ ಎನ್ನುವುದು ಲಾಗಿನ್ ಆದ ಎಲ್ಲರಿಗೂ ಕಾಣುತ್ತದೆ, ಸಾಲಿಗೆ ಸಾಲು, ಅಕ್ಷರಕ್ಕೆ ಅಕ್ಷರ.

"ಆ ನೋಟಕ್ಕೊಂದು ಪರದೆ ಎಳೀರಿ ತಾತ, ಒಂದು ಸೆಟ್ಟಿಂಗ್ ಬದಲಾಯಿಸಿದ್ರೆ ಸಾಕು," ಎಂದು ಅವಳು ಅದೆಷ್ಟು ಸಲ ಹೇಳಿದ್ದಳೋ.

"ಎಲ್ಲ ಒಂದೇ ಮನೆಯವರು ಕಣಮ್ಮ. ಯಾರ ಕೆಲಸ ಭಾರ ಆಗ್ತಿದೆ ಅಂತ ಅವರೇ ನೋಡ್ಕೊಂಡು ಸರಿ ಮಾಡ್ಕೋತಾರೆ. ಪರದೆ ಎಳೆದ್ರೆ ದಿನಾ ನಿನ್ನ ತಲೆ ತಿಂತಾರೆ," ಎಂದು ತಾತ ನಗುತ್ತಿದ್ದ.

ಆ ಒಂದೇ ಮನೆಯವರಲ್ಲಿ ಒಬ್ಬ ಹೊಂಚು ಹಾಕಿದ್ದ. ತಾತನ ಆಜ್ಞೆ ಕಂಡ ಕೂಡಲೇ ಅಂಕಿ ಹಿಡಿದಿಡುವ ಸಣ್ಣ ಪ್ರೋಗ್ರಾಮನ್ನು ತಮ್ಮನ ಅಕೌಂಟಿನಿಂದ ಓಡಿಸಿದ್ದ. ಸಿಕ್ಕ ಅಂಕಿ ಎಲ್ಲರಿಗೂ ತೆರೆದಿರುವ ಹಂಚಿಕೆಯ ಫೋಲ್ಡರಿನಲ್ಲಿ ಒಂದು ಫೈಲಾಗಿ ಕೂತಿತ್ತು. ಆ ಫೋಲ್ಡರೆಂದರೆ ಹಾಸ್ಟೆಲ್ಲಿನ ಬಟ್ಟೆ ಹಗ್ಗವಿದ್ದಂತೆ. ಯಾರು ಬೇಕಾದರೂ ನೇತುಹಾಕಬಹುದು, ಆದರೆ ತೆಗೆಯುವವರು ತಮ್ಮದನ್ನಷ್ಟೇ ತೆಗೆಯಬೇಕು. ಈ ಫೈಲಿನ ಒಡೆಯ ತಮ್ಮ.

"ಸ್ಕ್ರೀನ್ ತೆರೆದಿಟ್ಟು ಕಾಫಿಗೆ ಹೋಗ್ತಿದ್ದೆ ಅಕ್ಕ. ಲ್ಯಾಬಲ್ಲಿ ಎಲ್ಲರೂ ಹಾಗೇ ಮಾಡ್ತಾರೆ," ಎಂದಿದ್ದ ತಮ್ಮ.

ಅವನ ಲ್ಯಾಬು ಔಷಧಿ ಪ್ರೊಫೆಸರನದು. ಹೊಸ ಔಷಧ ಎಷ್ಟು ಕೊಟ್ಟರೆ ಮನುಷ್ಯ ಬದುಕುತ್ತಾನೆ, ಎಷ್ಟಕ್ಕೆ ಸಾಯುತ್ತಾನೆ ಎಂದು ಯಂತ್ರದಲ್ಲಿ ಲೆಕ್ಕ ಹಾಕುವ ಆನೆಗಾತ್ರದ ಮನುಷ್ಯ. ಸಾಯುವ ಹಿಂದಿನ ದಿನ ತಾತ ಅವಳನ್ನು ಪಕ್ಕಕ್ಕೆ ಕರೆದು, "ಯಾರೋ ಹಳೇ ಫಲಿತಾಂಶ ತಿದ್ದಿದಾರಮ್ಮ. ಜನರ ಪ್ರಾಣದ ಲೆಕ್ಕ ಅದು," ಎಂದಿದ್ದ. ಯಾರೆಂದು ಕೇಳಿದರೆ ಅವಳ ಮುಖವನ್ನೇ ದಿಟ್ಟಿಸಿ, "ನಾಳೆ ಕೂತು ಹೇಳ್ತೀನಿ," ಎಂದಿದ್ದ.

ಪ್ರಾಣದ ಲೆಕ್ಕ. ಔಷಧಿ ಪ್ರೊಫೆಸರನಲ್ಲದೆ ಇನ್ಯಾರು?

ಪ್ರೊಫೆಸರನನ್ನು ಇಲ್ಲಿಗೆ ಕರೆಸಲು ಫೋನು ಬೇಕಿರಲಿಲ್ಲ. ವಾರದಿಂದ ಓಡುತ್ತಿದ್ದ ಅವನ ಲೆಕ್ಕಗಳನ್ನೆಲ್ಲ ಬೀಗದಕ್ಕ ಒಂದೊಂದಾಗಿ ನಡುವೆಯೇ ನಿಲ್ಲಿಸಿ ಕೊಂದಳು. ಕೊನೆಯದು ಸಾಯುವ ಮೊದಲೇ ಯಾರೋ ಬಾಗಿಲು ದಡಬಡ ಬಡಿದರು. ಅವಳು ಎದ್ದು ತೆರೆದಳು.

*

"ತಲೆ ಕೆಟ್ಟಿದೆಯೇನೇ ನಿಂಗೆ?" ಪ್ರೊಫೆಸರ್ ಒಳಗೆ ನುಗ್ಗಿದ. "ವಾರದ ಕೆಲಸ! ನೀರಲ್ಲಿ ಹೋಮ!"

"ನನ್ನ ತಮ್ಮನ ಸ್ಕ್ರೀನಲ್ಲಿ ಕೂತು ಏನು ಓಡಿಸಿದ್ರಿ?"

"ಏನು?"

"ನೀವು ಫಲಿತಾಂಶ ತಿದ್ದಿದ್ದನ್ನ ತಾತ ಹಿಡಿದ್ರು. ಅದಕ್ಕೆ ಬಾಗಿಲಿನ ಅಂಕಿ ಕದ್ರಿ. ಒಳಗೆ ಬಂದು ಹೊಡೆದ್ರಿ. ಅವರು ಬಿದ್ದ ಮೇಲೂ ಹೊಡೆದ್ರಿ."

ಅವನು ಎರಡೇ ಹೆಜ್ಜೆಗೆ ಮೈಮೇಲೆ ಬಂದ. ಕುತ್ತಿಗೆಗೆ ಕೈ ಹಾಕಿ ಅವಳ ತಲೆಯನ್ನು ರ್ಯಾಕಿನ ಕಬ್ಬಿಣದ ಜಾಲರಿಗೆ ಚಚ್ಚಿದ. ಕಣ್ಣಿಗೆ ಕತ್ತಲೆ ಬಂತು. ಇನ್ನೊಮ್ಮೆ ಚಚ್ಚಿದಾಗ ಹುಬ್ಬು ಹರಿದು ಬಿಸಿ ರಕ್ತ ಕಣ್ಣಿಗಿಳಿಯಿತು.

"ಇನ್ನೊಂದು ಸಲ ಹೇಳು! ಹೇಳೇ!"

ಅವಳ ಕೈ ರ್ಯಾಕಿನ ಮೇಲೆ ತಡಕಾಡಿತು. ಸ್ಕ್ರೂ ಡ್ರೈವರ್ ಸಿಕ್ಕಿತು. ಹಿಂದೆ ಮುಂದೆ ನೋಡದೆ ಅವನ ತೊಡೆಗೆ ಹಿಡಿಯವರೆಗೂ ಇಳಿಸಿದಳು.

ಆನೆ ಕುಸಿಯಿತು. ಫ್ಯಾನುಗಳ ಸದ್ದನ್ನೂ ಮೀರಿಸಿ ಕಿರುಚಿದ. ಬೀಗದಕ್ಕ ಗೋಡೆಯ ಮೇಲಿನ ಕೆಂಪು ಹಿಡಿಗೆ ಕೈ ಹಾಕಿ ನಿಂತಳು. ಬೆಂಕಿ ಆರಿಸುವ ಗ್ಯಾಸಿನ ಹಿಡಿ ಅದು.

"ಎಳೆದ್ರೆ ಕೋಣೆ ತುಂಬ ಗ್ಯಾಸು. ಕುಂಟ್ಕೊಂಡು ಬಾಗಿಲು ಮುಟ್ಟೋ ಹೊತ್ತಿಗೆ ನೀವಿರಲ್ಲ. ಈಗ ಹೇಳಿ."

"ಹೊಡೆದೆ!" ಪ್ರೊಫೆಸರ್ ತೊಡೆ ಹಿಡಿದುಕೊಂಡು ಅರಚಿದ. "ಅವತ್ತು ಮಧ್ಯಾಹ್ನ ಒಂದು ಕೆನ್ನೆಗೆ ಕೊಟ್ಟೆ, ನಿಜ. ನನ್ನ ಲೆಕ್ಕಗಳನ್ನ ಸಾಲಿನ ಕೊನೆಗೆ ತಳ್ಳಿದ್ದಕ್ಕೆ. ಮುದುಕ ಬಿದ್ದ, ಎದ್ದ, ನನ್ನ ವಂಶನೆಲ್ಲ ಜಾಲಾಡಿದ. ನಾನು ಹೊರಡೋವಾಗ್ಲೂ ಬೈತಾನೇ ಇದ್ದ! ಸತ್ತೋನು ಬೈತಾನೇನೇ?"

"ಬಾಗಿಲಿನ ಅಂಕಿ?"

"ನಾನು ತಟ್ಟಿದೆ, ಅವನೇ ತೆಗೆದ. ಅಂಕಿ ನಂಗ್ಯಾಕೆ?" ಅವನು ನೋವಿಗೆ ಹಲ್ಲು ಕಚ್ಚಿದ. "ಆ ಫೈಲು ಪೊಲೀಸ್ರು ನಂಗೂ ತೋರ್ಸಿದಾರೆ. ಒಡೆಯ ನಿನ್ನ ತಮ್ಮ. ಬೇರೆ ಯಾರೂ ಓದೋ ಹಾಗಿಲ್ಲ ಅಂತ ಇದೆ. ಕದ್ದು ಬಚ್ಚಿಟ್ಟಿದ್ದನ್ನ ನಾನು ಓದೋದು ಹೇಗೆ? ಅಷ್ಟೂ ಬುದ್ಧಿ ಬೇಡ್ವಾ, ಬೀಗ ಹಾಕೋಳಿಗೆ?"

ಬೀಗದಕ್ಕ ಹಿಡಿಯಿಂದ ಕೈ ತೆಗೆದಳು.

ಅವನ ಮಾತು ಸರಿಯಿತ್ತು. ಕದ್ದವನು ತಮ್ಮನ ಕುರ್ಚಿಯಲ್ಲಿ ಕೂತದ್ದು ಒಂದು ಗಳಿಗೆ. ಅಂಕಿ ಬೀಳುವುದು ಮರುದಿನ ಬೆಳಗ್ಗೆ. ಆಗ ಅದನ್ನು ಓದಲು ಅವನಿಗೆ ತನ್ನದೇ ದಾರಿ ಬೇಕು. ದಾರಿಯಿಲ್ಲದಿದ್ದರೆ ಕಳ್ಳ ತಮ್ಮನೇ.

ಕಣ್ಣಿನ ರಕ್ತವನ್ನು ತೋಳಿಗೆ ಒರೆಸಿ ಅವಳು ಸ್ಕ್ರೀನಿನ ಮುಂದೆ ಕೂತಳು. ಫೈಲಿನ ವಿವರ ಮತ್ತೆ ತೆರೆದಳು. ಒಡೆಯನ ಹೆಸರು, ಓದುವ ಹಕ್ಕು, ಬರೆಯುವ ಹಕ್ಕು, ನೋಡಿ ನೋಡಿ ಬಾಯಿಪಾಠವಾಗಿದ್ದ ಅಕ್ಷರಗಳು. ಅವುಗಳ ಕೊನೆಗೆ, ಸೊಳ್ಳೆ ಕೂತಂತೆ, ಒಂದು ಕೂಡುವ ಚಿಹ್ನೆ.

ಅವಳ ಬೆನ್ನು ಸೆಟೆಯಿತು.

ಆ ಚಿಹ್ನೆ ಇದ್ದರೆ ಅರ್ಥ ಒಂದೇ: ಈ ಬಾಗಿಲುಗಳಲ್ಲದೆ ಪಕ್ಕದಲ್ಲೊಂದು ಕಿಂಡಿ ಇದೆ. ಯಾರೋ ಒಬ್ಬರಿಗೆ, ಅವರ ಹೆಸರು ಬರೆದು, ಪ್ರತ್ಯೇಕವಾಗಿ ಕೊಟ್ಟ ಕಿಂಡಿ. ದಿನಾ ನೋಡುವವರ ಕಣ್ಣಿಗೇ ಅದು ಬೀಳುವುದಿಲ್ಲ. ಅವಳ ಕಣ್ಣಿಗೂ ಬಿದ್ದಿರಲಿಲ್ಲ.

"ಏನಾಯ್ತು?" ಎಂದ ಪ್ರೊಫೆಸರ್ ನೆಲದಿಂದ.

"ಸುಮ್ನಿರಿ."

ಕಿಂಡಿ ಯಾರದೆಂದು ಯಂತ್ರವನ್ನು ಕೇಳಿದಳು. ಉತ್ತರ ಬಂತು. ಹೆಸರಿರಬೇಕಾದ ಕಡೆ ಹೆಸರಿರಲಿಲ್ಲ. 1003 ಎಂದಿತ್ತು, ಬರೀ ಸಂಖ್ಯೆ.

ಹೆಸರು ಹೋಗಿ ಸಂಖ್ಯೆ ಉಳಿದಿದೆಯೆಂದರೆ ಆ ಅಕೌಂಟನ್ನೇ ಅಳಿಸಿದ್ದಾರೆ. ಅಳಿಸಿದವನು ಹೆಸರಿನೊಂದಿಗೆ ಎಲ್ಲವೂ ಹೋಯಿತೆಂದುಕೊಂಡ. ಆದರೆ ಈ ಯಂತ್ರ ಮನುಷ್ಯರನ್ನು ಹೆಸರಿನಿಂದ ನೆನಪಿಡುವುದಿಲ್ಲ. ಬಂದ ಕ್ರಮದಲ್ಲಿ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನೇ ಎಲ್ಲ ಕಡೆ ಕೊರೆದಿಡುತ್ತದೆ.

ಸಾವಿರದ ಒಂದು ತಾತ. ಸಾವಿರದ ಎರಡು ಅವಳು.

ಸಾವಿರದ ಮೂರನ್ನು ಅವಳೇ ಕೊಟ್ಟಿದ್ದಳು, ಯಂತ್ರ ಹೊಸದಾಗಿ ಬಂದ ದಿನ. ಸೇತುವೆಗಳ ಭಾರದ ಲೆಕ್ಕ ಹಾಕಲು ಬಂದ ಒಬ್ಬ ಎಂಜಿನಿಯರ್ ಅವಳ ಕುರ್ಚಿಯ ಹಿಂದೆ ನಿಂತು, "ನಮಗೂ ಒಂದು ಮೂಲೇಲಿ ಜಾಗ ಕೊಡಿ ಮೇಡಂ," ಎಂದು ನಕ್ಕಿದ್ದ. ಆ ನಗೆಗೆ ಮಾರುಹೋಗಿ ಮರುವರ್ಷ ಅವನನ್ನೇ ಮದುವೆಯಾಗಿದ್ದಳು. ಬಾಮೈದನನ್ನು ನೋಡುವ ನೆಪದಲ್ಲಿ ಅವನು ಲ್ಯಾಬಿಗೂ ಆಗಾಗ ಹೋಗಿ ಬರುತ್ತಿದ್ದ.

ಅಳಿಸಲು ಕರಿ ತುಂಡು ಬೇಕು. ತಾತನದು ಲಕೋಟೆಯಲ್ಲಿದೆ. ಅವಳದು ಬೆಳಗ್ಗೆಯಿಂದ ಮನೆಯಲ್ಲಿತ್ತು, ಗಂಡ ಠಾಣೆಗೆ ತಂದುಕೊಡುವವರೆಗೂ. ಅದರ ಗುಟ್ಟಿನ ಅಂಕಿ ಅವರ ಮದುವೆಯ ತಾರೀಕು. ಊರಿಗೆಲ್ಲ ಪಾಸ್‌ವರ್ಡಿನ ಬುದ್ಧಿ ಹೇಳುವವಳು ಅವಳು.

ಜನರ ಪ್ರಾಣದ ಲೆಕ್ಕ. ತಾತ ಅವತ್ತೇ ಯಾಕೆ ಹೇಳಲಿಲ್ಲವೆಂದು ಈಗ ಅರ್ಥವಾಯಿತು. ಹೇಗೆ ಹೇಳಿಯಾನು? ಅವಳ ಗಂಡನ ಸೇತುವೆ ಭಾರ ತಡೆಯುವುದಿಲ್ಲವೆಂದು ಅವಳಿಗೇ?

ಅವಳ ಕೈ ರೂಢಿಯಂತೆ ಕೆಲಸ ಮಾಡಿತು. ಇಡೀ ಯಂತ್ರದಲ್ಲಿ 1003 ಒಡೆತನದ ಫೈಲು ಎಲ್ಲೆಲ್ಲಿವೆಯೋ ಹುಡುಕೆಂದು ಒಂದು ಸಾಲು ಬರೆದು ಒತ್ತಿದಳು. ತಿದ್ದಿದ ಲೆಕ್ಕ ಸಿಕ್ಕರೆ ತಮ್ಮ ಉಳಿದ. ನೂರಾರು ಜನರ ಲಕ್ಷಾಂತರ ಫೈಲುಗಳು. ಹುಡುಕಾಟ ನಿಧಾನವಾಗಿ ತೆವಳತೊಡಗಿತು.

ಫೋನು ಹೊಡೆದುಕೊಂಡಿತು. ಫ್ಯಾನುಗಳ ಸದ್ದಿಗೆ ಅದನ್ನು ಕಿವಿಗೆ ಒತ್ತಿ ಹಿಡಿದಳು. ಇನ್ಸ್‌ಪೆಕ್ಟರ್.

"ಮೇಡಂ, ನಿಮ್ಮ ಯಜಮಾನ್ರು ಒಳ್ಳೇವ್ರು. ಕೈ ಕಟ್ಟಿಸ್ಕೊಂಡು ಸಂಜೆ ಒಳಗೆ ವಾಪಸ್ ತರ್ತೀನಿ ಅಂತ ಅವನನ್ನ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಲಾಕಪ್ಪಲ್ಲಿ ಜಾರಿ ಬಿದ್ದ ಅಂತ ನೀವೂ ಹೇಳ್ಬೇಕು, ಆಯ್ತಾ?"

"ಯಾವ ಆಸ್ಪತ್ರೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಸಾರ್! ಅವರನ್ನ ತಡೀರಿ! ಕೊಂದಿದ್ದು..."

ಕರೆ ಕಡಿದಿತ್ತು. ಅವಳು ಮರಳಿ ಒತ್ತುವ ಮೊದಲೇ ಇನ್ನೊಂದು ಕರೆ ಬಂತು. ತೆರೆಯ ಮೇಲೆ ಗಂಡನ ಹೆಸರು.

"ಅಕ್ಕಾ." ತಮ್ಮನ ದನಿ, ನೋವಿಗೆ ತೊದಲುತ್ತಿತ್ತು, ಆದರೂ ನಗೆಯಿತ್ತು. "ಬಿಟ್ರು ಅಕ್ಕ. ಭಾವ ಬಿಡಿಸ್ಕೊಂಡು ಬಂದ್ರು. ಕೇಸಿಗೆ ಬೇಕು ಅಂತ ನನ್ನ ಪಾಸ್‌ವರ್ಡನ್ನೂ ಕೇಳಿ ತಗೊಂಡ್ರು. ಆದ್ರೆ ಭಾವಂಗೆ ತಲೆ ಕೆಟ್ಟಿದೆ, ಡಾಕ್ಟರ ಹತ್ರ ಅಂತ ಹೊರಟು ಸೇತುವೆ ಮೇಲೆ ಕಾರು ನಿಲ್ಸಿದಾರೆ. ಅದಿನ್ನೂ ಪೂರ್ತಿ ಕಟ್ಟೇ ಇಲ್ಲ, ತಡೆಗೋಡೆ ಕೂಡ..."

"ಕಾರಿಂದ ಇಳೀಬೇಡ," ಎಂದಳು ಬೀಗದಕ್ಕ. "ಕೇಳ್ತಾ? ಏನೇ ಆದ್ರೂ ಇಳೀಬೇಡ!"

ಫೋನು ಕೈ ಬದಲಾಯಿತು. ಗಾಳಿಯ ಸದ್ದು. ಆಮೇಲೆ ಗಂಡ, ತರಕಾರಿ ಏನು ತರಲಿ ಎಂದು ಕೇಳುವ ದನಿಯಲ್ಲಿ:

"ಯಾಕೆ ಇಳೀಬಾರ್ದು?"

"ಅವನಿಗೆ ಕೈ ಮುರಿದಿದೆ. ಅದಕ್ಕೆ. ನಿಧಾನವಾಗಿ ಮನೆಗೆ ಕರ್ಕೊಂಡು ಬನ್ನಿ. ಇಲ್ಲಿ ಏನೂ ಸಿಗ್ಲಿಲ್ಲ. ನಾನೂ ಹೊರಟೆ."

"ಏನೂ ಸಿಗ್ಲಿಲ್ವಾ?"

"ಇಲ್ಲ ಅಂದ್ನಲ್ಲ."

"ಹಾಗಾದ್ರೆ ಸಾವಿರದ ಮೂರನ್ನ ಯಾಕೆ ಹುಡುಕ್ತಾ ಇದೀಯ, ಬೀಗದಕ್ಕ?"

ಅವಳ ಕಣ್ಣು ಸ್ಕ್ರೀನಿಗೆ ಹಾರಿತು. ಲಾಗಿನ್ ಆಗಿರುವವರ ಸಾಲಿನಲ್ಲಿ ತಮ್ಮನ ಅಕೌಂಟು ಇತ್ತು. ಬೀಗ ಹಾಕಬೇಡಿ ಎಂದು ಇನ್ಸ್‌ಪೆಕ್ಟರ್ ಹೇಳಿದ ಅಕೌಂಟು. ತಮ್ಮ ಕೈ ಮುರಿದುಕೊಂಡು ಕಾರಿನಲ್ಲಿ ಕೂತಿದ್ದ. ಅವನ ಹೆಸರಿನಲ್ಲಿ ಇನ್ನೊಬ್ಬ, ಇನ್ನೊಂದು ಫೋನಿನಿಂದ, ಅವಳು ಓಡಿಸಿದ ಸಾಲನ್ನು ಅಕ್ಷರಕ್ಕೆ ಅಕ್ಷರ ಓದುತ್ತಿದ್ದ. ತಾತ ಸತ್ತ ಮೇಲಾದರೂ ಎಳೆಯಬಹುದಿತ್ತು ಆ ಪರದೆ. ಅವಳು ಎಳೆದಿರಲಿಲ್ಲ.

"ಹುಡುಕೋದು ನಿಲ್ಸು," ಎಂದ ಗಂಡ. "ಆ ಫೈಲಿನ ಕಿಂಡಿ ಮುಚ್ಚು. ಆಮೇಲೆ ನನ್ನ ಹಳೇ ಫೈಲುಗಳನ್ನೆಲ್ಲ ನೀನೇ ಅಳಿಸು, ಒಂದೂ ಬಿಡದ ಹಾಗೆ. ನಾನು ನೋಡ್ತಾ ಇರ್ತೀನಿ. ಬೇರೆ ಒಂದು ಅಕ್ಷರ ಬಿದ್ರೂ ನಂಗೆ ಕಾಣುತ್ತೆ, ಗೊತ್ತಲ್ಲ? ನೀನೇ ಹೇಳ್ಕೊಟ್ಟಿದ್ದು."

"ಅಳಿಸಿದ್ರೆ ಅವನನ್ನ ಬಿಡ್ತೀರಾ?"

ಫೋನಿನಲ್ಲಿ ಕಾರಿನ ಬಾಗಿಲು ತೆರೆದುಕೊಂಡಿತು. ಗಾಳಿ ಒಮ್ಮೆಲೇ ನುಗ್ಗಿತು. "ಭಾವ, ಏನ್ ಮಾಡ್ತಿದೀರ? ಕೈ ಭಾವ, ಕೈ!" ಎಂಬ ತಮ್ಮನ ಕಿರುಚಾಟ ಗಾಳಿಯಲ್ಲಿ ಹರಿದುಹೋಯಿತು.

ಸ್ಕ್ರೀನಿನ ಮೇಲೆ ಹುಡುಕಾಟ ನಿಂತಿತು. ಸಿಕ್ಕಿತ್ತು. ಸೇತುವೆಯ ಲೆಕ್ಕ, ತಿದ್ದುವ ಮೊದಲಿನ ಪ್ರತಿ, ತಾತ ಭದ್ರವಾಗಿ ಎತ್ತಿಟ್ಟದ್ದು.

"ಟೈಪ್ ಮಾಡು," ಎಂದ ಗಂಡ.

ಬೀಗದಕ್ಕನ ರಕ್ತ ಹತ್ತಿದ ಬೆರಳುಗಳು ಕೀಬೋರ್ಡಿನ ಮೇಲೆ ಇಳಿದವು. ಅಳಿಸುವ ಆಜ್ಞೆಯ ಮೊದಲ ಅಕ್ಷರ ಒತ್ತಿದಳು. ಎರಡನೆಯದಕ್ಕೆ ಬೆರಳು ಎತ್ತಿದಾಗ, ಫೋನಿನಲ್ಲಿ ಇನ್ನೂ ಕಿರುಚುತ್ತಿದ್ದ ತಮ್ಮನ ದನಿ ಥಟ್ಟನೆ ನಿಂತುಹೋಯಿತು.